ಲಂಡನ್‌ನಲ್ಲಿ ಫಂಡ್ಸ್ ಸಾಲಿಸಿಟರ್ ಕೆಲಸ: ಪದೇ ಪದೇ ಕೇಳೋ ಪ್ರಶ್ನೆಗಳು

ಲಾ ಕಾಲೇಜ್ ಜೂನಿಯರ್‌ಗಳು, ಇಲ್ಲಿಗೆ ಹೊಸದಾಗಿ ಬಂದಿರೋ ಕನ್ನಡದವರು, ಮದುವೆ ಮನೇಲಿ ಪಂಕ್ತೀಲಿ ಪಕ್ಕ ಕೂತ ಚಿಕ್ಕಪ್ಪಂದಿರು, ಎಲ್ರೂ ಕೇಳೋದು ಹೆಚ್ಚೂಕಮ್ಮಿ ಇದೇ ಪ್ರಶ್ನೆಗಳು. ಪ್ರತಿ ಸಲ ವಾಟ್ಸಾಪಲ್ಲಿ ವಾಯ್ಸ್ ನೋಟ್ ಕಳಿಸಿ ಸಾಕಾಯ್ತು, ಅದಕ್ಕೆ ಒಂದೇ ಕಡೆ ಬರೆದಿಟ್ಟಿದೀನಿ. ನಾನು ಪ್ರೈವೇಟ್ ಫಂಡ್ಸ್ ಕಡೆ ಸೀನಿಯರ್ ಲೆವೆಲ್‌ನಲ್ಲಿರೋಳು, ಹಾಗಾಗಿ ಇಲ್ಲಿ ಬರೆದಿರೋದು ಆ ಮೂಲೆಯಿಂದ ಕಂಡಷ್ಟೇ.

ಸಾಲಿಸಿಟರ್ ಅಂದ್ರೆ ಲಾಯರ್ರೇ ತಾನೇ? ಕರಿ ಕೋಟು ಹಾಕ್ಕೊಂಡು ಕೋರ್ಟಿಗೆ ಹೋಗ್ತೀರಾ?

ಲಾಯರ್ರೇ, ಆದ್ರೆ ಕೋರ್ಟಿಗೆ ಹೋಗಲ್ಲ. ಇಂಗ್ಲೆಂಡ್ ಮತ್ತೆ ವೇಲ್ಸ್‌ನಲ್ಲಿ ವಕೀಲಿ ಎರಡು ಕವಲು. ಕೋರ್ಟಲ್ಲಿ ನಿಂತು ವಾದ ಮಾಡೋರು ಮುಖ್ಯವಾಗಿ ಬ್ಯಾರಿಸ್ಟರ್‌ಗಳು, ಕ್ಲೈಂಟ್ ಜೊತೆ ಕೂತು ಸಲಹೆ ಕೊಡೋದು, ಅಗ್ರಿಮೆಂಟ್ ಬರೆಯೋದು, ಡೀಲ್ ಮುಗಿಸೋದು ಸಾಲಿಸಿಟರ್‌ಗಳು. ನಮ್ಮನ್ನ ನೋಡ್ಕೊಳ್ಳೋದು ಸಾಲಿಸಿಟರ್ಸ್ ರೆಗ್ಯುಲೇಶನ್ ಅಥಾರಿಟಿ, ಅಂದ್ರೆ ಎಸ್‌ಆರ್‌ಎ. ಕರ್ನಾಟಕದಲ್ಲಿ ಬಾರ್ ಕೌನ್ಸಿಲಲ್ಲಿ ಎನ್‌ರೋಲ್ ಆದ್ರೆ ಅಡ್ವೊಕೇಟ್, ಎರಡೂ ಕೆಲ್ಸ ಒಬ್ರೇ ಮಾಡಬಹುದು, ಅದಕ್ಕೇ ಊರಲ್ಲಿ ಈ ವ್ಯತ್ಯಾಸ ಹೇಳಿದ್ರೆ ಯಾರಿಗೂ ತಲೆಗೆ ಹೋಗಲ್ಲ. ನಾನು ಜಡ್ಜ್ ಮುಖ ನೋಡದೆ ವರ್ಷಾನುಗಟ್ಲೆ ಕಳೀತೀನಿ ಅಂದ್ರೆ ನಮ್ಮ ದೊಡ್ಡಪ್ಪ ಈಗ್ಲೂ ನಂಬಲ್ಲ, ಹಾಗಾದ್ರೆ ನೀನು ನೋಟರಿನಾ ಅಂತಾರೆ.

ಇನ್ವೆಸ್ಟ್‌ಮೆಂಟ್ ಫಂಡ್ ಅಂದ್ರೆ ಎಸ್‌ಐಪಿ ಕಟ್ತೀವಲ್ಲ, ಅದೇನಾ?

ಅದೂ ಫಂಡೇ, ಆದ್ರೆ ನನ್ನ ಕೆಲಸ ಆ ಕಡೆ ಅಲ್ಲ. ಮ್ಯೂಚುವಲ್ ಫಂಡ್‌ಗೆ ಯಾರು ಬೇಕಾದ್ರೂ ದುಡ್ಡು ಹಾಕಬಹುದು, ಬೇಕಾದಾಗ ವಾಪಸ್ ತಗೋಬಹುದು. ನಾನು ಕೆಲಸ ಮಾಡೋದು ಕ್ಲೋಸ್ಡ್ ಎಂಡೆಡ್ ಪ್ರೈವೇಟ್ ಫಂಡ್‌ಗಳ ಮೇಲೆ, ಅಂದ್ರೆ ಪ್ರೈವೇಟ್ ಇಕ್ವಿಟಿ (ಕಂಪನಿ ಕೊಂಡು ಮಾರೋದು), ವೆಂಚರ್ ಕ್ಯಾಪಿಟಲ್ (ಸ್ಟಾರ್ಟಪ್‌ಗಳಿಗೆ ದುಡ್ಡು ಹಾಕೋದು), ಇನ್‌ಫ್ರಾಸ್ಟ್ರಕ್ಚರ್, ಪ್ರೈವೇಟ್ ಕ್ರೆಡಿಟ್ (ಕಂಪನಿಗಳಿಗೆ ಸಾಲ ಕೊಡೋದು). ಇಲ್ಲಿ ದುಡ್ಡು ಹಾಕೋರು ಪೆನ್ಷನ್ ಫಂಡ್‌ಗಳು, ಇನ್ಶೂರೆನ್ಸ್ ಕಂಪನಿಗಳು, ಯೂನಿವರ್ಸಿಟಿಗಳ ನಿಧಿ, ಕೆಲವು ದೇಶಗಳ ಸರ್ಕಾರಿ ಹೂಡಿಕೆ ಸಂಸ್ಥೆಗಳು, ತುಂಬಾ ದುಡ್ಡಿರೋ ಕುಟುಂಬಗಳು. ಒಂದ್ಸಲ ಒಪ್ಕೊಂಡ್ರೆ ಸಾಮಾನ್ಯವಾಗಿ ಹತ್ತು ವರ್ಷ ಸಿಕ್ಕಾಕ್ಕೊಂಡ ಹಾಗೇನೇ.

ಇದನ್ನ ನಮ್ಮಮ್ಮನಿಗೆ ಹೇಳಿದ್ದು ಚೀಟಿ ಲೆಕ್ಕದಲ್ಲಿ. ಹತ್ತು ಜನ ನಂಬಿಕೆ ಮೇಲೆ ಒಬ್ಬರ ಕೈಗೆ ದುಡ್ಡು ಕೊಡ್ತಾರೆ, ಆ ಒಬ್ರು ಅದನ್ನ ನಡೆಸ್ತಾರೆ, ಅದಕ್ಕೊಂದು ಕಮಿಷನ್ ತಗೋತಾರೆ, ಮಧ್ಯದಲ್ಲಿ ಒಬ್ರು ಕಂತು ತಪ್ಪಿಸಿದ್ರೆ ಏನು, ಚೀಟಿ ನಡೆಸೋರೇ ಊರು ಬಿಟ್ರೆ ಏನು ಅನ್ನೋದು ಮೊದಲೇ ಮಾತಾಗಿರ್ಬೇಕು. ಆ ಮಾತನ್ನ ಇನ್ನೂರು ಪೇಜ್ ಬರೆಯೋಳು ನಾನು. ಚೀಟಿ ಕಂಪನಿಗೆ ಬರೆಯೋ ಕೆಲ್ಸಕ್ಕೆ ಲಂಡನ್ನಿಗೆ ಹೋಗ್ಬೇಕಿತ್ತಾ ಅಂದ್ರು.

ಸರಿ, ಆ ಇನ್ನೂರು ಪೇಜಲ್ಲಿ ಅಂಥದ್ದೇನಿರತ್ತೆ?

ಅದರ ಹೆಸರು ಲಿಮಿಟೆಡ್ ಪಾರ್ಟ್‌ನರ್‌ಶಿಪ್ ಅಗ್ರಿಮೆಂಟ್, ಎಲ್‌ಪಿಎ ಅಂತೀವಿ. ಫಂಡ್ ನಡೆಸೋ ಕಡೆಯವರು ಜನರಲ್ ಪಾರ್ಟ್‌ನರ್ ಅಂದ್ರೆ ಜಿಪಿ, ದುಡ್ಡು ಹಾಕೋರು ಲಿಮಿಟೆಡ್ ಪಾರ್ಟ್‌ನರ್‌ಗಳು ಅಂದ್ರೆ ಎಲ್‌ಪಿಗಳು. ಎಲ್‌ಪಿ ಪೂರ್ತಿ ದುಡ್ಡನ್ನ ಮೊದಲ ದಿನ ಕೊಡಲ್ಲ, ಇಷ್ಟು ಕೊಡ್ತೀನಿ ಅಂತ ಕಮಿಟ್‌ಮೆಂಟ್ ಬರ್ಕೊಡ್ತಾರೆ. ಆಮೇಲೆ ಕಂಪನಿ ಕೊಳ್ಳೋಕೆ ದುಡ್ಡು ಬೇಕಾದಾಗ ಜಿಪಿ ಡ್ರಾಡೌನ್ ನೋಟಿಸ್ ಕಳಿಸ್ತಾರೆ, ಹತ್ತು ವರ್ಕಿಂಗ್ ಡೇ ಒಳಗೆ ದುಡ್ಡು ಬರ್ಬೇಕು ಅನ್ನೋದು ಮಾಮೂಲಿ. ಬರ್ಲಿಲ್ಲ ಅಂದ್ರೆ ಬಡ್ಡಿ, ಆಮೇಲೂ ಬರ್ಲಿಲ್ಲ ಅಂದ್ರೆ ಅಲ್ಲೀವರೆಗೆ ಹಾಕಿದ ಪಾಲಲ್ಲಿ ದೊಡ್ಡ ಭಾಗಾನೇ ಕಳ್ಕೊಳ್ಳೋ ಷರತ್ತು ಕೂಡ ಇರತ್ತೆ, ಓದೋವಾಗ ಕ್ರೂರ ಅನ್ನಿಸತ್ತೆ, ಆದ್ರೆ ಒಬ್ರು ಕೈ ಎತ್ತಿದ್ರೆ ಉಳಿದವರ ಡೀಲೂ ಬೀಳತ್ತಲ್ಲ.

ಇನ್ನು ಕೀ ಪರ್ಸನ್ ಷರತ್ತು. ಇನ್ವೆಸ್ಟರ್ ದುಡ್ಡು ಹಾಕಿರೋದು ಇಬ್ರೋ ಮೂವರೋ ಮುಖ ನೋಡ್ಕೊಂಡು, ಅವರು ಬಿಟ್ಟು ಹೋದ್ರೆ ಹೊಸ ಹೂಡಿಕೆ ತಾನಾಗೇ ನಿಲ್ಲಬೇಕು. ಇದು ಒಂದು ಸಾಲಿನ ವಿಷಯ ಅನ್ನಿಸತ್ತಾ? ಬಿಟ್ಟು ಹೋಗೋದು ಅಂದ್ರೆ ಏನು, ಕಾಯಿಲೆ ಬಿದ್ರೆ, ಹೆರಿಗೆ ರಜೆ ಹಾಕಿದ್ರೆ, ಅರ್ಧ ದಿನ ಬೇರೆ ಫಂಡ್ ನೋಡ್ಕೊಂಡ್ರೆ, ಮೂವರಲ್ಲಿ ಒಬ್ರು ಹೋದ್ರೆ ಸಾಕಾ ಇಬ್ರು ಹೋಗ್ಬೇಕಾ, ನಿಂತಿದ್ದನ್ನ ಮತ್ತೆ ಶುರು ಮಾಡೋಕೆ ಎಷ್ಟು ಪರ್ಸೆಂಟ್ ಎಲ್‌ಪಿಗಳು ಹೂಂ ಅನ್ಬೇಕು. ಅದೇ ಥರ ಜಿಪಿಯನ್ನ ಕಿತ್ತಾಕೋದು, ತಪ್ಪು ಮಾಡಿದ್ರೆ ಒಂದು ಲೆಕ್ಕ, ತಪ್ಪೇ ಮಾಡದೆ ಬರೀ ಬೇಡ ಅನ್ನಿಸಿದ್ರೆ ಇನ್ನೊಂದು. ಎರಡನೇದಕ್ಕೆ ನಮ್ಮೋರು ನೋ ಫಾಲ್ಟ್ ಡಿವೋರ್ಸ್ ಅಂತಲೇ ಕರೀತಾರೆ, ಮುಕ್ಕಾಲು ಪಾಲು ಓಟು ಬೇಕು ಅನ್ನೋದು ಸಾಮಾನ್ಯ. ಎಲ್ಲರ ಮುಖದಲ್ಲೂ ನಗು ಇರೋ ಮೊದಲನೇ ವರ್ಷದಲ್ಲಿ ಕೂತು ಎಂಟನೇ ವರ್ಷದ ಜಗಳವನ್ನ ಊಹಿಸಿ ಬರೆಯೋದು, ನನ್ನ ಲೆಕ್ಕದಲ್ಲಿ ಈ ಕೆಲಸ ಅಂದ್ರೆ ಇಷ್ಟೇ.

ಕ್ಯಾರಿ, ವಾಟರ್‌ಫಾಲ್ ಅಂತಾರಲ್ಲ, ಲೆಕ್ಕ ಹಾಕಿ ತೋರ್ಸಿ.

ಜಿಪಿ ಕಡೆಯವರಿಗೆ ಎರಡು ಥರ ಆದಾಯ. ಒಂದು ಮ್ಯಾನೇಜ್‌ಮೆಂಟ್ ಫೀ, ಹಳೇ ಲೆಕ್ಕ ವರ್ಷಕ್ಕೆ 2 ಪರ್ಸೆಂಟ್, ದೊಡ್ಡ ಫಂಡ್‌ಗಳಲ್ಲಿ ಕಮ್ಮಿ. ಎರಡನೇದು ಲಾಭದಲ್ಲಿ ಪಾಲು, ಅದೇ ಕ್ಯಾರಿಡ್ ಇಂಟರೆಸ್ಟ್, ಚಿಕ್ಕದಾಗಿ ಕ್ಯಾರಿ, ಸಾಮಾನ್ಯವಾಗಿ 20 ಪರ್ಸೆಂಟ್. ಆದ್ರೆ ಅದಕ್ಕೆ ಮುಂಚೆ ಎಲ್‌ಪಿಗೆ ಹಾಕಿದ ದುಡ್ಡು ವಾಪಸ್ ಬಂದಿರ್ಬೇಕು, ಅದರ ಮೇಲೆ ವರ್ಷಕ್ಕೆ 8 ಪರ್ಸೆಂಟ್ ಚಕ್ರಬಡ್ಡಿ ಲೆಕ್ಕದಲ್ಲಿ ಪ್ರಿಫರ್ಡ್ ರಿಟರ್ನ್ ಕೂಡ ಸೇರಿರ್ಬೇಕು. ಹೀಗೆ ದುಡ್ಡು ಒಂದೊಂದೇ ಮೆಟ್ಟಿಲು ಇಳ್ಕೊಂಡು ಹಂಚಿಕೆ ಆಗೋ ಕ್ರಮಕ್ಕೇ ವಾಟರ್‌ಫಾಲ್ ಅನ್ನೋದು.

ಉದಾಹರಣೆಗೆ ಎಲ್‌ಪಿಗಳು ಒಂದೇ ದಿನ 100 ಮಿಲಿಯನ್ ಹಾಕಿದ್ರು ಅಂದ್ಕೊಳ್ಳಿ, ಐದು ವರ್ಷ ಆದ್ಮೇಲೆ ಎಲ್ಲ ಮಾರಿ 200 ಬಂತು, ಫೀ ಗೀ ಎಲ್ಲ ಪಕ್ಕಕ್ಕಿಡಿ. ಮೊದಲು 100 ವಾಪಸ್. ಆಮೇಲೆ 8 ಪರ್ಸೆಂಟ್ ಲೆಕ್ಕದಲ್ಲಿ 46.93. ಈಗ ಉಳಿದಿದ್ದು 53.07. ಇಲ್ಲಿ ಕ್ಯಾಚ್ ಅಪ್ ಬರತ್ತೆ, ಅಂದ್ರೆ ಅಲ್ಲೀವರೆಗಿನ ಲಾಭದಲ್ಲಿ ಜಿಪಿಗೆ ಐದನೇ ಒಂದು ಪಾಲು ಆಗೋವರೆಗೆ ಪೂರ್ತಿ ಅವರಿಗೇ, ಅದು 11.73. ಉಳಿದ 41.34ನ್ನ 80ಕ್ಕೆ 20 ಹಂಚಿದ್ರೆ ಎಲ್‌ಪಿಗೆ 33.07, ಜಿಪಿಗೆ 8.27. ಕೂಡಿಸಿ ನೋಡಿ, ಜಿಪಿಗೆ ಸರಿಯಾಗಿ 20, ಎಲ್‌ಪಿಗೆ 180. ಅದೇ ಫಂಡು 140ಕ್ಕೆ ಮಾರಿದ್ರೆ? 40 ಲಾಭ ಇದೆ, ಆದ್ರೆ 146.93 ದಾಟಿಲ್ಲ, ಹಾಗಾಗಿ ಕ್ಯಾರಿ ಸೊನ್ನೆ. 150ಕ್ಕೆ ಮಾರಿದ್ರೆ ದಾಟಿದ ಮೇಲಿನ 3.07 ಪೂರ್ತಿ ಜಿಪಿ ಜೇಬಿಗೆ. ಕ್ಯಾಚ್ ಅಪ್ ಇಲ್ದಿದ್ರೆ ಅದ್ರಲ್ಲಿ ಸಿಗ್ತಿದ್ದಿದ್ದು 0.61 ಮಾತ್ರ. ಒಂದು ಸಾಲಿನ ಬೆಲೆ ಎಷ್ಟು ಅಂತ ಈಗ ಗೊತ್ತಾಯ್ತಲ್ಲ, ನಮಗೆ ಫೀ ಕೊಡೋದು ಇದಕ್ಕೇ.

ಇಡೀ ಫಂಡ್ ಲೆಕ್ಕ ನೋಡಿ ಕ್ಯಾರಿ ಕೊಡೋದು ಯುರೋಪಿಯನ್ ಪದ್ಧತಿ, ಒಂದೊಂದು ಡೀಲ್ ಮುಗಿದ ಹಾಗೆ ಕೊಡೋದು ಅಮೆರಿಕನ್ ಪದ್ಧತಿ. ಎರಡನೇದ್ರಲ್ಲಿ ಮೊದಲು ಗೆದ್ದು ಆಮೇಲೆ ಸೋತ್ರೆ ಜಿಪಿ ತಗೊಂಡಿದ್ದನ್ನ ವಾಪಸ್ ಕೊಡ್ಬೇಕು, ಅದು ಕ್ಲಾಬ್ಯಾಕ್. ಕೊಟ್ಟ ದುಡ್ಡಲ್ಲಿ ಅವರು ಅಷ್ಟೊತ್ತಿಗೆ ಮನೆ ಕೊಂಡಿರ್ತಾರೆ, ಹಾಗಾಗಿ ಕ್ಲಾಬ್ಯಾಕಿಗೆ ಗ್ಯಾರಂಟಿ ಯಾರು ಅನ್ನೋ ಚರ್ಚೆ ರಾತ್ರಿ ಹನ್ನೊಂದಕ್ಕೆ ನಡೆಯೋ ಥರದ್ದು.

ಸೈಡ್ ಲೆಟರ್ ಅಂದ್ರೆ ಕದ್ದುಮುಚ್ಚಿ ಮಾಡ್ಕೊಳ್ಳೋ ಒಪ್ಪಂದನಾ?

ಹೆಸರು ಕೇಳಿದ್ರೆ ಹಾಗನ್ನಿಸತ್ತೆ, ಅಲ್ಲ. ಎಲ್‌ಪಿಎ ಎಲ್ಲರಿಗೂ ಒಂದೇ, ಆದ್ರೆ ಒಬ್ಬೊಬ್ಬ ಇನ್ವೆಸ್ಟರ್‌ಗೆ ಒಂದೊಂದು ಕಟ್ಟುಪಾಡು. ಅಮೆರಿಕದ ಸರ್ಕಾರಿ ಪೆನ್ಷನ್ ಫಂಡ್‌ಗೆ ಅಲ್ಲಿನ ಮಾಹಿತಿ ಹಕ್ಕು ಕಾಯ್ದೆ ಪ್ರಕಾರ ಕೆಲವು ಅಂಕಿಅಂಶ ಬಹಿರಂಗ ಮಾಡ್ಲೇಬೇಕು, ಒಂದು ದೇಶದ ಸರ್ಕಾರಿ ನಿಧಿಗೆ ತನ್ನ ಸಾರ್ವಭೌಮ ರಕ್ಷಣೆ (ಬೇರೆ ದೇಶದ ಕೋರ್ಟಲ್ಲಿ ತನ್ನ ಮೇಲೆ ಕೇಸ್ ಹಾಕೋ ಹಾಗಿಲ್ಲ ಅನ್ನೋದು) ಬಿಟ್ಟುಕೊಡೋಕಾಗಲ್ಲ, ಇನ್ನೊಬ್ರಿಗೆ ತಂಬಾಕು, ಮದ್ದುಗುಂಡಿನ ಕಂಪನಿಗೆ ದುಡ್ಡು ಹೋಗಬಾರದು. ಅದೆಲ್ಲ ಸೈಡ್ ಲೆಟರಲ್ಲಿ. ಆಮೇಲೆ ಶುರುವಾಗೋದೇ ಎಂಎಫ್‌ಎನ್ (ಮೋಸ್ಟ್ ಫೇವರ್ಡ್ ನೇಷನ್) ಅನ್ನೋ ಹಬ್ಬ. ಬೇರೆಯವರಿಗೆ ಕೊಟ್ಟ ಸವಲತ್ತು ನನಗೂ ಕೊಡಿ ಅಂತ ಕೇಳೋ ಹಕ್ಕು ಹೆಚ್ಚಿನವರಿಗೆ ಇರತ್ತೆ, ತಮ್ಮಷ್ಟೇ ಅಥವಾ ತಮಗಿಂತ ಕಮ್ಮಿ ದುಡ್ಡು ಹಾಕಿದೋರ ಸವಲತ್ತು ಮಾತ್ರ ಆರಿಸ್ಕೋಬಹುದು ಅನ್ನೋ ನಿಯಮದ ಜೊತೆ. ಅರವತ್ತು ಇನ್ವೆಸ್ಟರ್ ಇದ್ರೆ ಅರವತ್ತು ಲೆಟರಿನ ಒಂದೊಂದು ಪ್ಯಾರಾನೂ ಒಂದು ಉದ್ದ ಟೇಬಲ್ಲಿಗೆ ಇಳಿಸಿ, ಹೆಸರು ತೆಗೆದು, ಯಾರಿಗೆ ಯಾವುದು ಸಲ್ಲತ್ತೆ ಅಂತ ಗುರುತು ಹಾಕಿ ಕಳಿಸ್ಬೇಕು. ಸೂಟ್ ಹಾಕ್ಕೊಂಡು ಗಾಜಿನ ಕಟ್ಟಡದಲ್ಲಿ ಕೋಟಿಗಟ್ಟಲೆ ಡೀಲ್ ಮಾಡೋ ಕೆಲಸ ಅಂತ ಕನಸು ಕಂಡು ಬರೋ ಹುಡುಗರು ಇಲ್ಲಿ ಮೊದಲ ಎರಡು ವರ್ಷ ಜಾಸ್ತಿ ಮಾಡೋದು ಇದನ್ನೇ, ತಿಳ್ಕೊಂಡಿರಿ.

1907ರ ಕಾಯ್ದೆ ಇಟ್ಕೊಂಡು ಇವತ್ತಿನ ಫಂಡ್ ನಡೆಸ್ತೀರಂತೆ, ನಿಜನಾ?

ನಿಜ, ಈ ಪ್ರಶ್ನೆ ಅಪರೂಪಕ್ಕೆ ಬಂದ್ರೂ ನನಗೆ ತುಂಬಾ ಇಷ್ಟ. ಇಂಗ್ಲಿಷ್ ಲಿಮಿಟೆಡ್ ಪಾರ್ಟ್‌ನರ್‌ಶಿಪ್‌ಗೆ ಆಧಾರ ಲಿಮಿಟೆಡ್ ಪಾರ್ಟ್‌ನರ್‌ಶಿಪ್ಸ್ ಆಕ್ಟ್ 1907, ಅದರ ಹಿಂದೆ 1890ರ ಪಾರ್ಟ್‌ನರ್‌ಶಿಪ್ ಆಕ್ಟ್. ಅವತ್ತು ಬರೆದವರ ತಲೇಲಿ ಇದ್ದಿದ್ದು ಸಣ್ಣ ವ್ಯಾಪಾರ, ಪ್ರೈವೇಟ್ ಇಕ್ವಿಟಿ ಅಂತೂ ಅಲ್ಲ. ತುಂಬಾ ವರ್ಷ ಇದನ್ನ ಯಾರೂ ಅಷ್ಟಾಗಿ ಮೂಸಿ ನೋಡ್ಲಿಲ್ಲ. 1987ರಲ್ಲಿ ಬ್ರಿಟಿಷ್ ವೆಂಚರ್ ಕ್ಯಾಪಿಟಲ್ ಅಸೋಸಿಯೇಷನ್‌ನವರು ತೆರಿಗೆ ಇಲಾಖೆ ಜೊತೆ ಕೂತು, ವೆಂಚರ್ ಫಂಡ್‌ಗೆ ಈ ರೂಪ ಬಳಸಿದ್ರೆ ತೆರಿಗೆ ಹೇಗೆ ಲೆಕ್ಕ ಆಗತ್ತೆ ಅಂತ ಬರವಣಿಗೇಲಿ ಒಪ್ಪಿಸ್ಕೊಂಡ ಮೇಲೆ ದಾರಿ ಸಲೀಸಾಯ್ತು.

ಆ ಕಾಯ್ದೇಲಿ ಎರಡು ಮುಳ್ಳು. ಒಂದು, ಎಲ್‌ಪಿ ಮ್ಯಾನೇಜ್‌ಮೆಂಟಲ್ಲಿ ಕೈ ಹಾಕಿದ್ರೆ ಅವರ ಲಿಮಿಟೆಡ್ ಲಯಬಿಲಿಟಿ, ಅಂದ್ರೆ ಹಾಕಿದ ದುಡ್ಡಿಗಿಂತ ಜಾಸ್ತಿ ಹೊಣೆ ಇಲ್ಲ ಅನ್ನೋ ರಕ್ಷಣೆ ಹೋಗತ್ತೆ. ಎರಡು, ಬಂಡವಾಳ ಅಂತ ಹಾಕಿದ ದುಡ್ಡನ್ನ ಪಾರ್ಟ್‌ನರ್‌ಶಿಪ್ ನಡೀತಿರೋವಾಗ ವಾಪಸ್ ತಗೊಳ್ಳೋ ಹಾಗಿಲ್ಲ, ತಗೊಂಡ್ರೆ ಅಷ್ಟು ಮೊತ್ತಕ್ಕೆ ಹೊಣೆ ಮತ್ತೆ ತಲೆ ಮೇಲೆ. ಫಂಡಿನ ಕೆಲಸಾನೇ ದುಡ್ಡು ವಾಪಸ್ ಕೊಡೋದು, ಇನ್ನೇನು ಮಾಡೋದು? ವಕೀಲರು ಕಂಡ್ಕೊಂಡ ಉಪಾಯ ಏನಪ್ಪಾ ಅಂದ್ರೆ ಕಮಿಟ್‌ಮೆಂಟಲ್ಲಿ 0.01 ಪರ್ಸೆಂಟ್ ಮಾತ್ರ ಬಂಡವಾಳ, ಉಳಿದ 99.99 ಪರ್ಸೆಂಟ್ ಬಡ್ಡಿ ಇಲ್ಲದ ಸಾಲ. ಹತ್ತು ಮಿಲಿಯನ್ ಪೌಂಡ್ ಹಾಕೋ ಇನ್ವೆಸ್ಟರಿನ ಬಂಡವಾಳ ಕಾಗದದ ಮೇಲೆ ಬರೀ ಸಾವಿರ ಪೌಂಡ್. ಹೊಸದಾಗಿ ನೋಡಿದೋರು ಟೈಪಿಂಗ್ ತಪ್ಪಿರ್ಬೇಕು ಅಂದ್ಕೋತಾರೆ. 2017ರ ಏಪ್ರಿಲ್ಲಲ್ಲಿ ಪ್ರೈವೇಟ್ ಫಂಡ್ ಲಿಮಿಟೆಡ್ ಪಾರ್ಟ್‌ನರ್‌ಶಿಪ್ ಅನ್ನೋ ಹೊಸ ನಮೂನೆ ಬಂದು ಈ ಸರ್ಕಸ್ ಬೇಕಾಗಿಲ್ಲ ಅಂತಾಯ್ತು, ಎಲ್‌ಪಿಗಳು ಏನೇನು ಮಾಡಿದ್ರೆ ಮ್ಯಾನೇಜ್‌ಮೆಂಟ್ ಅಲ್ಲ ಅನ್ನೋ ಪಟ್ಟೀನೂ ಬಂತು. ಆದ್ರೂ ಹಳೇ ಟೆಂಪ್ಲೇಟ್‌ಗಳಲ್ಲಿ ಆ 0.01 ಇನ್ನೂ ಬದುಕಿದೆ.

ಫಂಡ್‌ಗಳನ್ನ ಲಕ್ಸೆಂಬರ್ಗ್, ಕೇಮನ್, ಜರ್ಸೀಲಿ ಶುರು ಮಾಡೋದು... ಎಲ್ಲ ಟ್ಯಾಕ್ಸ್ ಕದಿಯೋಕೆ ತಾನೇ?

ಅರ್ಧ ಸರಿ ಅಂದ್ಕೊಂಡು ಕೇಳ್ತಿದೀರ, ಅರ್ಧ ಉತ್ತರ ಕೊಡ್ತೀನಿ. ಒಂದೇ ಫಂಡಿಗೆ ಕೆನಡಾದ ಪೆನ್ಷನ್, ಜಪಾನಿನ ಇನ್ಶೂರೆನ್ಸ್, ಇಲ್ಲಿನ ಒಂದು ಕೌನ್ಸಿಲ್ (ಸ್ಥಳೀಯ ಸರ್ಕಾರ) ದುಡ್ಡು ಹಾಕ್ತಾರೆ ಅಂದ್ರೆ ಪ್ರತಿಯೊಬ್ರಿಗೂ ಅವರ ಊರಿನ ತೆರಿಗೆ ನಿಯಮ ಇದೆ, ಮಧ್ಯದಲ್ಲಿರೋ ಫಂಡ್ ಅನ್ನೋ ಡಬ್ಬಿಯಲ್ಲಿ ಇನ್ನೊಂದು ಪದರ ತೆರಿಗೆ ಸೇರಬಾರದು ಅನ್ನೋದು ಮುಖ್ಯ ಉದ್ದೇಶ. ಜೊತೆಗೆ ಇನ್ವೆಸ್ಟರ್‌ಗೆ ಪರಿಚಯ ಇರೋ ಕಾನೂನು ಬೇಕು, ಅಮೆರಿಕದವರಿಗೆ ಅಲ್ಲಿನ ಡೆಲವೇರ್ ರಾಜ್ಯ, ಕೇಮನ್ ಕೈಗೆ ಒಗ್ಗಿದೆ, ಯುರೋಪಿನವರಿಗೆ ಲಕ್ಸೆಂಬರ್ಗ್. ಲಕ್ಸೆಂಬರ್ಗ್ 2013ರಲ್ಲಿ ವಿಶೇಷ ಲಿಮಿಟೆಡ್ ಪಾರ್ಟ್‌ನರ್‌ಶಿಪ್ ತಂದಿದ್ದೇ ನಮ್ಮ ಇಂಗ್ಲಿಷ್ ರೂಪಕ್ಕೆ ಪೈಪೋಟಿಗೆ. ಆಮೇಲೆ ಬ್ರೆಕ್ಸಿಟ್. 2020 ಮುಗಿಯೋವರೆಗೆ ಲಂಡನ್ನಿನ ಮ್ಯಾನೇಜರ್ ಪಾಸ್‌ಪೋರ್ಟ್ ಅನ್ನೋ ಒಂದೇ ಅನುಮತಿ ಹಿಡ್ಕೊಂಡು ಇಡೀ ಯುರೋಪಲ್ಲಿ ಫಂಡ್ ಮಾರಬಹುದಿತ್ತು, 2021ರ ಜನವರಿಯಿಂದ ಒಂದೊಂದು ದೇಶದ ಬಾಗಿಲು ಬೇರೆ ಬೇರೆ ತಟ್ಟಬೇಕು. ಅದಕ್ಕೇ ಲಕ್ಸೆಂಬರ್ಗಲ್ಲಿ ಕೂತು ಮಾಡೋದು ಇನ್ನೂ ಜಾಸ್ತಿಯಾಯ್ತು.

ನಮ್ಮ ದೇಶಕ್ಕೆ ಬರೋ ದುಡ್ಡಿನ ಕಥೇನೂ ಇದೇ ಥರ. ಮುಂಚೆ ಎಲ್ಲ ಮಾರಿಷಸ್ ಮೂಲಕ, ಯಾಕಂದ್ರೆ ಹಾಗೆ ಬಂದ್ರೆ ಷೇರು ಮಾರಿದ ಲಾಭಕ್ಕೆ ಭಾರತದಲ್ಲಿ ತೆರಿಗೆ ಇರಲಿಲ್ಲ, 2016ರಲ್ಲಿ ಎರಡು ದೇಶಗಳ ತೆರಿಗೆ ಒಪ್ಪಂದ ತಿದ್ದಿ 2017ರ ಏಪ್ರಿಲ್ 1ರಿಂದ ಕೊಂಡ ಷೇರಿಗೆ ಆ ಬಾಗಿಲು ಮುಚ್ಚಿದ್ರು. ಪೂರ್ತಿ ಮುಗ್ಧ ವ್ಯವಹಾರ ಅಂತ ನಾನಂತೂ ಹೇಳಲ್ಲ, ಆದ್ರೆ ಸೂಟ್‌ಕೇಸಲ್ಲಿ ದುಡ್ಡು ತುಂಬ್ಕೊಂಡು ದ್ವೀಪಕ್ಕೆ ಹೋಗೋ ಸಿನಿಮಾನೂ ಅಲ್ಲ.

ಜೂನಿಯರ್‌ಗೂ ಸೀನಿಯರ್‌ಗೂ ಕೆಲಸದಲ್ಲಿ ಏನು ವ್ಯತ್ಯಾಸ?

ಜೂನಿಯರ್ ಬರೀತಾರೆ, ಸೀನಿಯರ್ ಬೇಡ ಅಂತಾರೆ. ತಮಾಷೆ ಅಲ್ಲ. ಇನ್ವೆಸ್ಟರ್ ಕಡೆ ವಕೀಲರು ಎಂಬತ್ತು ಕಾಮೆಂಟ್ ಕಳಿಸಿರ್ತಾರೆ, ಅದ್ರಲ್ಲಿ ಯಾವ ಎಪ್ಪತ್ತು ಸುಮ್ನೆ ಕೇಳಿದಾರೆ, ಯಾವ ಹತ್ತು ಇಲ್ದಿದ್ರೆ ಅವರ ಕಮಿಟಿ ನಿಜವಾಗ್ಲೂ ಒಪ್ಪಲ್ಲ ಅಂತ ಓದ್ತಿದ್ದ ಹಾಗೇ ಗೊತ್ತಾಗ್ಬೇಕು. ಒಬ್ರಿಗೆ ಕೊಟ್ಟಿದ್ದು ಎಂಎಫ್‌ಎನ್ ಮೂಲಕ ನಾಳೆ ಇನ್ನೂ ನಲವತ್ತು ಜನಕ್ಕೆ ಹೋಗತ್ತೆ, ಹಾಗಾಗಿ ಒಂದು ಹೂಂ ಅನ್ನೋ ಮುಂಚೆ ನಲವತ್ತು ಸಲ ಯೋಚಿಸ್ಬೇಕು. ಅದ್ರ ಮೇಲೆ ಟ್ಯಾಕ್ಸ್ ಟೀಮು, ರೆಗ್ಯುಲೇಟರಿ ಟೀಮು, ಲಕ್ಸೆಂಬರ್ಗಿನ ಲೋಕಲ್ ವಕೀಲರು, ಅಮೆರಿಕದ ವಕೀಲರು, ಫಂಡ್ ಅಡ್ಮಿನಿಸ್ಟ್ರೇಟರ್, ಎಲ್ಲರನ್ನೂ ಒಂದೇ ದಿನಕ್ಕೆ ಕ್ಲೋಸಿಂಗಿಗೆ, ಅಂದ್ರೆ ಇನ್ವೆಸ್ಟರ್‌ಗಳನ್ನ ಫಂಡಿಗೆ ಸೇರಿಸ್ಕೊಂಡು ಕಾಗದ ಮುಗಿಸೋದಕ್ಕೆ ತಂದು ನಿಲ್ಲಿಸೋದು. ಮತ್ತೆ ಕೆವೈಸಿ. ಎಷ್ಟು ದೊಡ್ಡ ಸಂಸ್ಥೆ ಆದ್ರೂ ಅದರ ಡೈರೆಕ್ಟರ್ ಪಾಸ್‌ಪೋರ್ಟ್ ಕಾಪಿ ಸಿಗದೆ ಕ್ಲೋಸಿಂಗ್ ಮುಂದೆ ಹೋಗೋದು ಮಾಮೂಲು.

ಫೀಗೆ ತಲೆಕೆಡಿಸ್ಕೊಳ್ಳೋದೂ ಸೀನಿಯರ್ ಕೆಲಸಾನೇ. ಇಷ್ಟಕ್ಕೆ ಮಾಡ್ಕೊಡ್ತೀವಿ ಅಂತ ಒಪ್ಕೊಂಡಿರ್ತೀವಿ, ಫಂಡ್ ರೈಸಿಂಗ್ ಒಂದು ವರ್ಷ ಅಂದಿದ್ದು ಎರಡು ವರ್ಷ ಎಳೆಯತ್ತೆ, ಆಗ ಕ್ಲೈಂಟಿಗೆ ಫೋನ್ ಮಾಡಿ ಇನ್ನೂ ಸ್ವಲ್ಪ ಕೊಡಿ ಅಂತ ಕೇಳೋದಿದ್ಯಲ್ಲ, ಅದನ್ನ ಯಾವ ಲಾ ಕಾಲೇಜೂ ಕಲಿಸಲ್ಲ.

ಗಂಟೆಗಟ್ಟಲೆ ಕೆಲಸ ಅಂತಾರೆ, ಎಷ್ಟು?

ಆರಾರು ನಿಮಿಷಕ್ಕೆ ಒಂದು ಯೂನಿಟ್ ಅಂತ ದಿನದ ಲೆಕ್ಕ ಬರೀಬೇಕು, ಒಂದು ಗಂಟೆಗೆ ಹತ್ತು ಯೂನಿಟ್. ವರ್ಷದ ಟಾರ್ಗೆಟ್ ಫರ್ಮ್ ಮೇಲೆ ಹೋಗತ್ತೆ, 1,600ರಿಂದ 2,000 ಬಿಲ್ಲಬಲ್ ಗಂಟೆ ನಡುವೆ ಅಂದ್ಕೊಳ್ಳಿ, ಬಿಲ್ ಮಾಡೋಕಾಗದ ಕೆಲಸ ಅದರ ಮೇಲೆ. ಕಂಪನಿ ಕೊಳ್ಳೋ ಮಾರೋ ಡೀಲ್ ಟೀಮಿಗೆ ಹೋಲಿಸಿದ್ರೆ ಫಂಡ್ಸಲ್ಲಿ ಮೂರು ದಿನ ನಿದ್ದೆ ಇಲ್ಲ ಅನ್ನೋದು ಕಮ್ಮಿ, ಆದ್ರೆ ಪೂರ್ತಿ ಆರಾಮ ಅನ್ನೋ ವಾರಾನೂ ಇಲ್ಲ, ಒಂದೇ ಸಮ ಜಿಟಿ ಜಿಟಿ ಮಳೆ. ಡಿಸೆಂಬರ್ ಅಂತೂ ಬೇಡ, ಎಲ್ಲರಿಗೂ ವರ್ಷ ಮುಗಿಯೋ ಮುಂಚೆ ಕ್ಲೋಸಿಂಗ್ ಬೇಕು. ಕ್ರಿಸ್ಮಸ್ ಟೈಮಿಗೆ ಊರಿಗೆ ಟಿಕೆಟ್ ಮಾಡೋದು ನಮ್ಮ ಟೀಮಲ್ಲಿ ಧೈರ್ಯದ ಕೆಲಸ.

ಸಂಬಳ? ನಿಜ ಹೇಳಿ.

ಇದು ಗುಟ್ಟೇನಲ್ಲ, ಫರ್ಮ್‌ಗಳೇ ಹೇಳ್ಕೋತವೆ. 2024ರಲ್ಲಿ ಮ್ಯಾಜಿಕ್ ಸರ್ಕಲ್ ಅನ್ನೋ ದೊಡ್ಡ ಐದು ಫರ್ಮ್‌ಗಳು ಹೊಸದಾಗಿ ಕ್ವಾಲಿಫೈ ಆದವರಿಗೆ ವರ್ಷಕ್ಕೆ 1,50,000 ಪೌಂಡ್‌ಗೆ ಏರಿಸಿದ್ವು, ಲಂಡನ್ನಿನ ಕೆಲವು ಅಮೆರಿಕನ್ ಫರ್ಮ್‌ಗಳು 1,80,000 ಕೊಡ್ತವೆ. ರೂಪಾಯಿಗೆ ಗುಣಿಸಿ ಹಾರ್ಟ್ ಅಟ್ಯಾಕ್ ಮಾಡ್ಕೋಬೇಡಿ. 1,50,000ದಲ್ಲಿ ಇನ್‌ಕಮ್ ಟ್ಯಾಕ್ಸು ನ್ಯಾಷನಲ್ ಇನ್ಶೂರೆನ್ಸು ಕಳೆದ್ರೆ, ಪೆನ್ಷನ್ ಕಟ್ಟೋಕೆ ಮುಂಚೆ, ಕೈಗೆ ಸುಮಾರು 91,000. ಒಂದು ಲಕ್ಷ ದಾಟಿದ ಮೇಲೆ 1,25,140ರವರೆಗೆ ಪರ್ಸನಲ್ ಅಲವೆನ್ಸ್ (ತೆರಿಗೆ ಬೀಳದ ಮೊದಲ ಮೊತ್ತ) ಕರಗ್ತಾ ಹೋಗತ್ತೆ, ಹಾಗಾಗಿ ಇವೆರಡರ ನಡುವೆ ದುಡಿದ ನೂರು ಪೌಂಡಲ್ಲಿ ಅರವತ್ತು ಸರ್ಕಾರಕ್ಕೇ, ಚಿಕ್ಕ ಮಕ್ಕಳಿದ್ರೆ ಒಂದು ಲಕ್ಷ ದಾಟಿದ ಕೂಡ್ಲೇ ಸರ್ಕಾರದ 30 ಗಂಟೆ ಚೈಲ್ಡ್‌ಕೇರ್ ಸವಲತ್ತೂ ಹೋಗತ್ತೆ. ಲಂಡನ್ ಬಾಡಿಗೆ ನಾನು ಹೇಳ್ಬೇಕಾಗಿಲ್ಲ. ಮತ್ತೆ ಇದು ಸಿಟಿಯ ದೊಡ್ಡ ಫರ್ಮ್‌ಗಳ ಲೆಕ್ಕ ಮಾತ್ರ, ಊರಿನ ಬೀದೀಲಿ ಮನೆ ಕಾಗದ, ವಿಲ್ ನೋಡೋ ಸಾಲಿಸಿಟರ್ ಸಂಬಳ ಇದರ ಹತ್ರಕ್ಕೂ ಬರಲ್ಲ.

ಇಂಡಿಯಾದಲ್ಲಿ ಲಾ ಓದಿ ಅಲ್ಲಿಗೆ ಬರೋದು ಹೇಗೆ?

ಎರಡು ಬಾಗಿಲು. ಒಂದು, ಓದ್ತಿರೋವಾಗ್ಲೇ ಲಂಡನ್ ಫರ್ಮ್ ನಿಮ್ಮನ್ನ ಆರಿಸೋದು. ಬೆಂಗಳೂರಿನ ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲಿನಂಥ ಕಡೆಯಿಂದ ಕೆಲವು ದೊಡ್ಡ ಫರ್ಮ್‌ಗಳು ವೆಕೇಶನ್ ಸ್ಕೀಮಿಗೆ (ಒಂಥರಾ ರಜೆ ಇಂಟರ್ನ್‌ಶಿಪ್) ಕರ್ಕೊಂಡು, ಹಿಡಿಸಿದ್ರೆ ಟ್ರೈನಿಂಗ್ ಕಾಂಟ್ರಾಕ್ಟ್ ಕೊಡ್ತವೆ. ಎರಡು ವರ್ಷ ಟ್ರೈನಿಂಗ್, ಸಾಮಾನ್ಯವಾಗಿ ಆರಾರು ತಿಂಗಳಿಗೆ ಒಂದು ಡಿಪಾರ್ಟ್‌ಮೆಂಟು, ವೀಸಾ ಸ್ಪಾನ್ಸರ್ ಅವರೇ. ಸಿಕ್ಕಿದ್ರೆ ಇದಕ್ಕಿಂತ ಸಲೀಸು ದಾರಿ ಇಲ್ಲ, ಆದ್ರೆ ಬಾಗಿಲು ಬಲು ಕಿರಿದು.

ಎರಡನೇದು ನೀವೇ ಸ್ವಂತವಾಗಿ ಎಸ್‌ಕ್ಯೂಇ (ಸಾಲಿಸಿಟರ್ಸ್ ಕ್ವಾಲಿಫೈಯಿಂಗ್ ಎಕ್ಸಾಮಿನೇಷನ್) ಬರೆಯೋದು, ಈ ಪರೀಕ್ಷೆ 2021ರ ಸೆಪ್ಟೆಂಬರಿಂದ ಬಂದಿದ್ದು. ಮೊದಲ ಭಾಗ ಎರಡು ಪೇಪರು, ಒಂದೊಂದರಲ್ಲಿ 180ರಂತೆ 360 ಬಹು ಆಯ್ಕೆ ಪ್ರಶ್ನೆ. ಲ್ಯಾಂಡ್ ಲಾ, ಟ್ರಸ್ಟ್, ಕ್ರಿಮಿನಲ್, ವಿಲ್, ಎಲ್ಲ ಬರತ್ತೆ, ನಾನು ಫಂಡ್ಸ್ ಮಾತ್ರ ಮಾಡ್ತೀನಿ ಅಂದ್ರೆ ಕೇಳಲ್ಲ. ಹೆಚ್ಚೂಕಮ್ಮಿ ಅರ್ಧದಷ್ಟು ಜನ ಇಲ್ಲೇ ಬೀಳ್ತಾರೆ. ಎರಡನೇ ಭಾಗ 16 ಪ್ರಾಕ್ಟಿಕಲ್ ಟಾಸ್ಕು, 12 ಬರವಣಿಗೆ, 4 ಬಾಯಿಮಾತಿಂದು. ಫೀ ಎರಡೂ ಸೇರಿ 5,000 ಪೌಂಡ್ ಹತ್ತಿರ, ಕೋಚಿಂಗ್ ಬೇರೆ. ಪ್ರತಿ ಭಾಗಕ್ಕೆ ಆರು ವರ್ಷದಲ್ಲಿ ಮೂರೇ ಅವಕಾಶ. ಮೊದಲ ಭಾಗ ಬೇರೆ ದೇಶದ ಸೆಂಟರ್‌ಗಳಲ್ಲೂ ಬರೀಬಹುದು, ಬಾಯಿಮಾತಿನ ಪರೀಕ್ಷೆಗೆ ಮಾತ್ರ ಇಲ್ಲಿಗೇ ಬರ್ಬೇಕು.

ಈಗ ಯಾರೂ ಸರಿಯಾಗಿ ಹೇಳದ ವಿಷಯ. ನೀವು ಬಾರ್ ಕೌನ್ಸಿಲಲ್ಲಿ ಎನ್‌ರೋಲ್ ಆಗಿರೋ ಅಡ್ವೊಕೇಟ್ ಆದ್ರೆ ಇಲ್ಲಿ ನೀವು ಕ್ವಾಲಿಫೈಡ್ ಲಾಯರ್, ಎರಡು ವರ್ಷದ ಕ್ವಾಲಿಫೈಯಿಂಗ್ ಅನುಭವ ತೋರಿಸ್ಬೇಕಾಗಿಲ್ಲ. ಬರೀ ಡಿಗ್ರಿ ಇದ್ರೆ ಅದು ಬೇಕು. ಆ ಅನುಭವ ಭಾರತದ ಆಫೀಸಲ್ಲಿ ಆಗಿದ್ರೂ ನಡೆಯತ್ತೆ, ಆದ್ರೆ ಇಂಗ್ಲೆಂಡ್ ವೇಲ್ಸಿನ ಸಾಲಿಸಿಟರ್ ಒಬ್ರು ಅದಕ್ಕೆ ಸಹಿ ಹಾಕ್ಬೇಕು. ಹಾಗಾಗಿ ಎನ್‌ರೋಲ್‌ಮೆಂಟ್ ಆಮೇಲೆ ನೋಡ್ಕೊಂಡ್ರಾಯ್ತು ಅಂತ ಬಿಡ್ಬೇಡಿ.

ಇಲ್ಲಿ ಎಲ್‌ಎಲ್‌ಎಂ ಮಾಡಿದ್ರೆ ಕೆಲಸ ಸಿಗತ್ತಾ?

ಎಲ್‌ಎಲ್‌ಎಂ ಒಂದರಿಂದಲೇ ಸಾಲಿಸಿಟರ್ ಆಗಲ್ಲ. ಮನೆ ಅಡವಿಟ್ಟು ಸಾಲ ಮಾಡೋ ಮುಂಚೆ ಈ ಸಾಲನ್ನ ಎರಡು ಸಲ ಓದಿ. ಪಾಸಾಗಿರೋ ಪರೀಕ್ಷೆ, ಭಾರತದಲ್ಲೇ ಒಂದು ಒಳ್ಳೇ ಫಂಡ್ಸ್ ಟೀಮಲ್ಲಿ ಮೂರು ನಾಲ್ಕು ವರ್ಷದ ಕೆಲಸ, ಇವೆರಡು ಇದ್ರೆ ರೆಕ್ರೂಟರ್ ಫೋನ್ ಎತ್ತುತಾರೆ. ಬರೀ ಡಿಗ್ರಿಗೆ ಎತ್ತೋದು ಕಷ್ಟ.

ಹಾಗಾದ್ರೆ ಬೆಂಗಳೂರಲ್ಲೇ ಈ ಕೆಲಸ ಇಲ್ವಾ?

ಇದೆ, ಚೆನ್ನಾಗೇ ಇದೆ, ಲಂಡನ್ ಹುಚ್ಚು ಹಿಡಿದೋರಿಗೆ ನಾನು ಮೊದಲು ಹೇಳೋದೇ ಇದು. ಸೆಬಿಯ 2012ರ ಆಲ್ಟರ್ನೇಟಿವ್ ಇನ್ವೆಸ್ಟ್‌ಮೆಂಟ್ ಫಂಡ್ ನಿಯಮಗಳು ಬಂದ್ಮೇಲೆ ಭಾರತದ ಪ್ರೈವೇಟ್ ಫಂಡ್‌ಗಳೆಲ್ಲ ಮೂರು ಕ್ಯಾಟಗರಿಯಲ್ಲಿ ರಿಜಿಸ್ಟರ್ ಆಗ್ತವೆ, ಸಾಮಾನ್ಯ ಇನ್ವೆಸ್ಟರ್ ಕನಿಷ್ಠ 1 ಕೋಟಿ ಹಾಕ್ಬೇಕು, ನಡೆಸೋರು ತಮ್ಮ ದುಡ್ಡನ್ನೂ ಹಾಕ್ಬೇಕು, ಮೊದಲೆರಡು ಕ್ಯಾಟಗರಿಗೆ ಅದು ಒಟ್ಟು ನಿಧಿಯ 2.5 ಪರ್ಸೆಂಟ್ ಅಥವಾ 5 ಕೋಟಿ, ಯಾವುದು ಕಮ್ಮಿಯೋ ಅದು. ಇಲ್ಲಿ ಪಾರ್ಟ್‌ನರ್‌ಶಿಪ್ ಇದ್ರೆ ಅಲ್ಲಿ ಬಹುತೇಕ ಟ್ರಸ್ಟು, ಅದಕ್ಕೆ ಆಧಾರ 1882ರ ಟ್ರಸ್ಟ್ ಕಾಯ್ದೆ, ನಮ್ಮ 1907ಕ್ಕಿಂತ ಹಳೇದು! ಕೋರಮಂಗಲ, ಇಂದಿರಾನಗರದ ವೆಂಚರ್ ಫಂಡ್ ಆಫೀಸ್‌ಗಳಿಗೆ ಈ ಕಾಗದ ಬರೆಯೋರು ಬೇಕೇ ಬೇಕು. ಗುಜರಾತಿನ ಗಿಫ್ಟ್ ಸಿಟೀಲಿ ಅದರದ್ದೇ ರೆಗ್ಯುಲೇಟರ್ ಇದೆ, ವಿದೇಶಿ ದುಡ್ಡು ತರೋ ಫಂಡ್‌ಗಳು ಈಗ ಆ ಕಡೆ ತಿರುಗ್ತಿವೆ. ವಾಟರ್‌ಫಾಲ್, ಕೀ ಪರ್ಸನ್, ಡ್ರಾಡೌನ್, ಎಲ್ಲ ಕಡೆ ಅದೇ ಭಾಷೆ. ಅಲ್ಲಿ ಕಲಿತ್ರೆ ಇಲ್ಲಿಗೂ ಆಗತ್ತೆ, ಅಪ್ಪ ಅಮ್ಮನ ಜೊತೆ ಊಟಾನೂ ಆಗತ್ತೆ.

ಗಣಿತ ಬರ್ಬೇಕಾ?

ಮೇಲೆ ಹಾಕಿದ ಲೆಕ್ಕ ಅರ್ಥ ಆಯ್ತಾ? ಅಷ್ಟು ಸಾಕು. ಮಾಡೆಲ್ ಮಾಡೋಕೆ ಅಕೌಂಟೆಂಟ್‌ಗಳಿದಾರೆ, ಆದ್ರೆ ಲೆಕ್ಕವನ್ನ ವಾಕ್ಯಕ್ಕೆ ಇಳಿಸೋರು ನೀವು, ವಾಕ್ಯ ಹೇಳಿದ್ದೂ ಎಕ್ಸೆಲ್ ಹೇಳಿದ್ದೂ ಬೇರೆ ಆದ್ರೆ ಜಗಳದಲ್ಲಿ ಗೆಲ್ಲೋದು ವಾಕ್ಯ.

ಎಐ ಬಂದು ನಿಮ್ಮ ಕೆಲಸ ಹೋಗಲ್ವಾ?

ಸೈಡ್ ಲೆಟರ್ ಟೇಬಲ್ ಮಾಡೋ ಕೆಲಸ ಆಗ್ಲೇ ಅರ್ಧ ಆ ಕಡೆ ಜಾರ್ತಿದೆ, ಹೋಗ್ಲಿ ಅಂತೀನಿ. ನನ್ನ ಚಿಂತೆ ಬೇರೆ. ಆ ಬೋರಿಂಗ್ ಟೇಬಲ್ ಮಾಡ್ತಾ ಮಾಡ್ತಾನೇ ನೂರಾರು ಷರತ್ತು ಓದಿ ಯಾವುದು ಮಾಮೂಲು ಯಾವುದು ವಿಚಿತ್ರ ಅಂತ ಮೂಗಿಗೆ ವಾಸನೆ ಬಡಿಯೋಕೆ ಶುರುವಾಗೋದು. ಅದನ್ನ ಮಿಷನ್ನಿಗೆ ಕೊಟ್ಮೇಲೆ ಹೊಸ ಹುಡುಗರಿಗೆ ಆ ಮೂಗು ಎಲ್ಲಿಂದ ಬರತ್ತೆ? ಇದಕ್ಕೆ ಯಾವ ಫರ್ಮಿಂದಲೂ ನೆಟ್ಟಗೆ ಉತ್ತರ ಕೇಳಿಲ್ಲ.

ಕೊನೆಗೂ ಶ್ರೀಮಂತರನ್ನ ಇನ್ನೂ ಶ್ರೀಮಂತರನ್ನಾಗಿ ಮಾಡೋ ಕೆಲಸ ಅಲ್ವಾ?

ಜಿಪಿ ಕಡೆಯವರು ಶ್ರೀಮಂತರಾಗ್ತಾರೆ, ಅದರಲ್ಲಿ ಸುಳ್ಳಿಲ್ಲ. ಕ್ಯಾರಿಗೆ ಇಲ್ಲಿ ತೆರಿಗೆ ಕಮ್ಮಿ ಅನ್ನೋ ಗಲಾಟೆ ತುಂಬಾ ವರ್ಷ ನಡೀತು, 2025ರ ಏಪ್ರಿಲ್ಲಿಂದ 32 ಪರ್ಸೆಂಟ್ ಮಾಡಿದ್ರು, 2026ರ ಏಪ್ರಿಲ್ಲಿಂದ ಇನ್‌ಕಮ್ ಟ್ಯಾಕ್ಸ್ ಲೆಕ್ಕಕ್ಕೆ ತಂದು ಷರತ್ತು ಪೂರೈಸಿದವರಿಗೆ ಹೆಚ್ಚಂದ್ರೆ ಸುಮಾರು 34 ಪರ್ಸೆಂಟ್ ಬೀಳೋ ಹಾಗೆ ಮಾಡಿದಾರೆ. ಸಂಬಳದ ಮೇಲೆ 45 ಕಟ್ಟೋ ನನಗೆ ಇದು ಈಗ್ಲೂ ಹೊಟ್ಟೆಗಿಳಿಯಲ್ಲ, ಕ್ಲೈಂಟ್ ಮುಂದೆ ಹೇಳಲ್ಲ ಅಷ್ಟೇ.

ಆದ್ರೆ ಎಲ್‌ಪಿ ಕಡೆ ನೋಡಿ, ಮೇಷ್ಟ್ರ ಪೆನ್ಷನ್ನು, ಕೌನ್ಸಿಲ್ ನೌಕರರ ಪೆನ್ಷನ್ನು. ಕಾಗದ ಸಡಿಲ ಇದ್ರೆ ಹೊಡೆತ ಅವರಿಗೇ. ನಮ್ಮ ಥರದ ಫಂಡ್ ಅಲ್ಲದಿದ್ರೂ ಇಲ್ಲಿ ಹೆಸರುವಾಸಿಯಾಗಿದ್ದ ಫಂಡ್ ಮ್ಯಾನೇಜರ್ ನೀಲ್ ವುಡ್‌ಫರ್ಡ್ ಅವರ ಇಕ್ವಿಟಿ ಇನ್‌ಕಮ್ ಫಂಡ್ ನೆನಪಿಸ್ಕೊಳ್ಳಿ. ದಿನಾ ದುಡ್ಡು ವಾಪಸ್ ತಗೋಬಹುದು ಅಂತ ಜನರಿಗೆ ಮಾತು ಕೊಟ್ಟಿದ್ರು, ಒಳಗೆ ಮಾತ್ರ ಬೇಗ ಮಾರೋಕಾಗದ ಷೇರು ಸಾಕಷ್ಟು ಸೇರಿತ್ತು. ಕೆಂಟ್ ಕೌಂಟಿ ಕೌನ್ಸಿಲಿನ ಪೆನ್ಷನ್ ಫಂಡ್ ದೊಡ್ಡ ಮೊತ್ತ ವಾಪಸ್ ಕೇಳಿದ್ಮೇಲೆ 2019ರ ಜೂನಲ್ಲಿ ಬಾಗಿಲು ಹಾಕಿದ್ರು, ಮತ್ತೆ ತೆಗೀಲೇ ಇಲ್ಲ. ಮಾರೋಕೆ ಟೈಮ್ ಬೇಕಾದ ಆಸ್ತಿಗೆ ಹತ್ತು ವರ್ಷದ ಬೀಗ ಹಾಕೋದು ಯಾಕೆ ಅಂತ ಕೇಳೋರಿಗೆ ನಾನು ಕೊಡೋ ಉದಾಹರಣೆ ಇದೇ.

ಯಾವ ಫಂಡಲ್ಲಿ ದುಡ್ಡು ಹಾಕ್ಲಿ? ನಮ್ಮ ಹುಡುಗನ ಸ್ಟಾರ್ಟಪ್ಪಿಗೆ ಯಾರನ್ನಾದ್ರೂ ಪರಿಚಯ ಮಾಡಿಸ್ತೀರಾ?

ಮೊದಲನೇದಕ್ಕೆ ಇಲ್ಲ, ನಾನು ಇನ್ವೆಸ್ಟ್‌ಮೆಂಟ್ ಅಡ್ವೈಸರ್ ಅಲ್ಲ, ಕಾಗದ ಬರೆಯೋಳಿಗೆ ಯಾವ ಫಂಡ್ ಓಡತ್ತೆ ಅಂತ ಗೊತ್ತಿರತ್ತೆ ಅನ್ನೋದು ಭ್ರಮೆ. ಎರಡನೇದಕ್ಕೂ ಇಲ್ಲ, ಕ್ಲೈಂಟ್ ವಿಷಯ ಹೊರಗೆ ತರೋ ಹಾಗಿಲ್ಲ. ಹುಡುಗ ಲಾ ಓದ್ತಿದ್ರೆ ಮಾತ್ರ ಸಿವಿ ಕಳಿಸೋಕೆ ಹೇಳಿ ಚಿಕ್ಕಪ್ಪ, ಓದಿ ಎಲ್ಲಿ ತಿದ್ದಬೇಕು ಅಂತ ಹೇಳ್ತೀನಿ, ಡಿಸೆಂಬರಲ್ಲಿ ಬೇಡ.